ಗಲ್ಲಾಪೆಟ್ಟಿಗೆಗೆ ಕರೆಂಟ್ ಕೊಟ್ಟ ಕೆಟರಿಂಗ್: ಬಿಲ್ಲಿಂಗ್ ಕೌಂಟರಿನಿಂದ ಸೀಸದ ಪೆಟ್ರೋಲಿನವರೆಗೆ

ಸೂಪರ್ ಮಾರ್ಕೆಟಿನಲ್ಲೋ ಔಷಧಿ ಅಂಗಡಿಯಲ್ಲೋ ಬಿಲ್ ಹಾಕುವವರು ಕೀಬೋರ್ಡಿನ ಒಂದು ಗುಂಡಿ ಒತ್ತುತ್ತಾರೆ. ಬಿಲ್ ಸರ್ರನೆ ಹೊರಗೆ ಬರುತ್ತದೆ. ಕೆಳಗಿನ ಗಲ್ಲಾಪೆಟ್ಟಿಗೆ 'ಟಕ್' ಎಂದು ತಾನೇ ತೆರೆದುಕೊಳ್ಳುತ್ತದೆ. ಬೈಕಿನಲ್ಲಿ ಕಿಕ್ ಹೊಡೆಯದೆ ಸೆಲ್ಫ್ ಬಟನ್ ಒತ್ತಿದರೆ ಇಂಜಿನ್ ಚಾಲೂ ಆಗುತ್ತದೆ. ಪೆಟ್ರೋಲ್ ಬಂಕಿನ ಹಳೆಯ ಫೋಟೋಗಳಲ್ಲಿ 'ಅನ್‌ಲೆಡೆಡ್' ಎಂಬ ಫಲಕ ಕಾಣಿಸುತ್ತದೆ.

ಈ ಮೂರಕ್ಕೂ ಏನಾದರೂ ಸಂಬಂಧ ಇದೆಯೇ? ಇದೆ. ಮೂರರ ಹಿಂದೆಯೂ ಒಬ್ಬನೇ ಮನುಷ್ಯ ಇದ್ದಾನೆ. ಹೆಸರು ಚಾರ್ಲ್ಸ್ ಕೆಟರಿಂಗ್. ಅಮೆರಿಕದ ಎಂಜಿನಿಯರ್. 186 ಪೇಟೆಂಟ್‌ಗಳ ಒಡೆಯ. ಅಂಗಡಿಯವರ ಕೈನೋವು ಕಡಿಮೆ ಮಾಡಿದವನೂ ಇವನೇ, ಜಗತ್ತಿನ ಗಾಳಿಗೆ ಸೀಸ ಸೇರಿಸಿದ ಯೋಜನೆಯ ಮುಂದಾಳೂ ಇವನೇ. ಇವನ ಬಗ್ಗೆ ಅರ್ಧ ನಿಜ, ಅರ್ಧ ಕಟ್ಟುಕಥೆ ಹರಡಿವೆ. ನಿಜ ಎಷ್ಟು, ಸುಳ್ಳು ಎಷ್ಟು? ಬನ್ನಿ, ಒಂದೊಂದಾಗಿ ನೋಡೋಣ.

ಕಳ್ಳತನ ತಡೆಯಲು ಹುಟ್ಟಿದ ಯಂತ್ರ

ಕೆಟರಿಂಗ್ ಕಥೆಗೆ ಮೊದಲು ಗಲ್ಲಾಪೆಟ್ಟಿಗೆಯ ಕಥೆ ತಿಳಿಯಬೇಕು.

ಅಮೆರಿಕದ ಓಹಯೊ ರಾಜ್ಯದ ಡೇಟನ್ ಊರಿನಲ್ಲಿ ಜೇಮ್ಸ್ ರಿಟ್ಟಿ ಎಂಬ ಬಾರ್ ಮಾಲೀಕನಿದ್ದ. ವ್ಯಾಪಾರ ಚೆನ್ನಾಗಿತ್ತು, ಲಾಭ ಮಾತ್ರ ಇರಲಿಲ್ಲ. ಕೆಲಸದವರು ದುಡ್ಡನ್ನು ಪೆಟ್ಟಿಗೆಗೆ ಹಾಕುವ ಬದಲು ಜೇಬಿಗೆ ಇಳಿಸುತ್ತಿದ್ದರು. 1878ರಲ್ಲಿ ಅವನು ಹಡಗಿನಲ್ಲಿ ಯುರೋಪಿಗೆ ಹೊರಟ. ಹಡಗಿನ ಪ್ರೊಪೆಲರ್ ಎಷ್ಟು ಸುತ್ತು ತಿರುಗಿತು ಎಂದು ಎಣಿಸುವ ಒಂದು ಯಂತ್ರ ಅವನ ಕಣ್ಣಿಗೆ ಬಿತ್ತು. ಸುತ್ತು ಎಣಿಸಬಹುದಾದರೆ ವ್ಯಾಪಾರವನ್ನು ಯಾಕೆ ಎಣಿಸಬಾರದು ಎಂದು ಯೋಚಿಸಿದ. ಊರಿಗೆ ಮರಳಿ ಸಹೋದರ ಜಾನ್ ಜೊತೆ ಸೇರಿ ಯಂತ್ರ ಮಾಡಿದ. 1879ರ ನವೆಂಬರ್ 4ರಂದು ಪೇಟೆಂಟ್ ಸಿಕ್ಕಿತು.

ಮೊದಲ ಯಂತ್ರದಲ್ಲಿ ದುಡ್ಡಿಡುವ ಡ್ರಾಯರ್ ಇರಲಿಲ್ಲ. ಗಡಿಯಾರದ ಮುಖದಂತೆ ಮುಳ್ಳುಗಳು ಮೊತ್ತ ತೋರಿಸುತ್ತಿದ್ದವು, ಅಷ್ಟೇ. ಡ್ರಾಯರ್, ಗಂಟೆ, ಕಾಗದದ ಸುರುಳಿ ಎಲ್ಲ ಆಮೇಲೆ ಸೇರಿಕೊಂಡವು. ಗಂಟೆ ಇಟ್ಟಿದ್ದು ಗಿರಾಕಿಯ ಖುಷಿಗಲ್ಲ. ಪೆಟ್ಟಿಗೆ ತೆರೆಯಿತು ಎಂದು ಮಾಲೀಕನಿಗೆ ಕೇಳಿಸಲಿ ಎಂದು.

1884ರಲ್ಲಿ ಜಾನ್ ಪ್ಯಾಟರ್ಸನ್ ಎಂಬ ವ್ಯಾಪಾರಿ ಈ ಕಂಪನಿಯನ್ನು ಕೊಂಡ. ಅವನ ಕಲ್ಲಿದ್ದಲು ವ್ಯವಹಾರದ ಅಂಗಡಿಯಲ್ಲೂ ಇದೇ ಸೋರಿಕೆ ಇತ್ತು, ಈ ಯಂತ್ರ ತರಿಸಿದ ಮೇಲೆ ನಿಂತಿತ್ತು. ಕಂಪನಿಗೆ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಎಂದು ಹೆಸರಿಟ್ಟ. ಎನ್‌ಸಿಆರ್ ಎಂದರೆ ಅದೇ. ಬ್ಯಾಂಕಿನ ಎಟಿಎಂ ಯಂತ್ರಗಳ ಮೇಲೆ ಈ ಮೂರಕ್ಷರವನ್ನು ನೀವೂ ನೋಡಿರುತ್ತೀರಿ.

ಕಣ್ಣು ಕೈಕೊಟ್ಟರೂ ಓದು ಬಿಡದ ಹುಡುಗ

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಓಹಯೊದ ಲೌಡನ್‌ವಿಲ್ ಹತ್ತಿರದ ಹೊಲದ ಮನೆಯಲ್ಲಿ. ಅವನಿಗೆ ಮೊದಲಿನಿಂದಲೂ ದೃಷ್ಟಿ ದೋಷ. ಹೆಚ್ಚು ಓದಿದರೆ ಕಣ್ಣು ಉರಿ, ತಲೆನೋವು. ಶಾಲೆ ಮುಗಿಸಿ ತಾನೇ ಹಳ್ಳಿ ಮೇಷ್ಟ್ರಾದ. ಆಮೇಲೆ ಓಹಯೊ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ. ಕಣ್ಣಿನ ತೊಂದರೆಯಿಂದ ಓದು ನಡುವೆ ನಿಂತಿತು.

ಮನೆಗೆ ಬಂದವನು ಸುಮ್ಮನೆ ಕೂರಲಿಲ್ಲ. ಟೆಲಿಫೋನ್ ಕಂಬ ನೆಡುವ, ತಂತಿ ಎಳೆಯುವ ತಂಡದಲ್ಲಿ ಕೆಲಸಕ್ಕೆ ಸೇರಿ, ಆ ತಂಡದ ಮೇಸ್ತ್ರಿಯೂ ಆದ. ಗುಂಡಿ ತೋಡುವ ಈ ಕೆಲಸದಲ್ಲೇ ಅವನಿಗೆ ವಿದ್ಯುತ್ತಿನ ಹುಚ್ಚು ಗಟ್ಟಿಯಾಯಿತು. ಪುನಃ ಕಾಲೇಜಿಗೆ ಹೋದ. 1904ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದಾಗ ವಯಸ್ಸು ಹತ್ತಿರ ಹತ್ತಿರ 28. ಅದೇ ವರ್ಷ ಡೇಟನ್ನಿನ ಎನ್‌ಸಿಆರ್ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಕೆಲಸ ಸಿಕ್ಕಿತು.

ಒಂದು ಕ್ಷಣದ ಮೋಟಾರ್

ಆ ಕಾಲದ ಕ್ಯಾಶ್ ರಿಜಿಸ್ಟರ್ ಎಂದರೆ ಹಿತ್ತಾಳೆ, ಕಬ್ಬಿಣದ ಭಾರದ ಪೆಟ್ಟಿಗೆ. ಗುಂಡಿ ಒತ್ತಲು ಬೆರಳಿನ ಬಲ ಬೇಕು, ಹಿಡಿಕೆ ತಿರುಗಿಸಲು ತೋಳಿನ ಬಲ ಬೇಕು. ದಿನಕ್ಕೆ ನೂರಾರು ಸಲ ಹೀಗೆ ಮಾಡುವವರ ಕೈ ಏನಾಗಬೇಡ!

ಇದಕ್ಕೆ ಮೋಟಾರ್ ಹಾಕಬೇಕು ಎಂಬ ಯೋಚನೆ ಕಂಪನಿಯಲ್ಲಿ ಮೊದಲೇ ಇತ್ತು. ಲೆಕ್ಕ ಹಾಕಿದವರಿಗೆ ಕಂಡ ತೊಡಕು ಒಂದೇ. ಅಷ್ಟು ಭಾರ ಎಳೆಯುವ ಮೋಟಾರ್ ಆ ಯಂತ್ರದಷ್ಟೇ ದೊಡ್ಡದಾಗುತ್ತದೆ. ಅದನ್ನು ಮೇಜಿನ ಮೇಲೆ ಎಲ್ಲಿ ಇಡುವುದು?

ಕೆಟರಿಂಗ್ ಈ ಲೆಕ್ಕದ ಬುಡವನ್ನೇ ಅಲುಗಾಡಿಸಿದ. ಮೋಟಾರ್ ದೊಡ್ಡದಾಗಬೇಕಾಗುವುದು ಅದು ಬಿಡುವಿಲ್ಲದೆ ಓಡುವಾಗ. ಭಾರ ಎಳೆಯುವಾಗ ಅದು ಬಿಸಿಯಾಗುತ್ತದೆ, ಬಿಸಿ ತಾಳಲು ದಪ್ಪ ತಂತಿ, ದೊಡ್ಡ ಮೈ ಬೇಕು. ಗಲ್ಲಾಪೆಟ್ಟಿಗೆ ತೆರೆಯಲು ಬೇಕಾದದ್ದು ಒಂದೇ ಕ್ಷಣ. ಆ ಒಂದು ಕ್ಷಣ ಸಣ್ಣ ಮೋಟಾರಿನ ಮೇಲೆ ಅದರ ಶಕ್ತಿ ಮೀರಿದ ಭಾರ ಹಾಕಿದರೂ ಅದು ಸುಡುವುದಿಲ್ಲ. ಬಿಸಿಯಾಗುವ ಮೊದಲೇ ಕೆಲಸ ಮುಗಿದಿರುತ್ತದೆ, ಮುಂದಿನ ಬಿಲ್ಲಿನವರೆಗೆ ತಣ್ಣಗಾಗಲು ಸಮಯವೂ ಸಿಗುತ್ತದೆ.

ಈ ಲೆಕ್ಕ ನಡೆಯಿತು. ವಿದ್ಯುತ್ ಕ್ಯಾಶ್ ರಿಜಿಸ್ಟರ್ ಮಾರುಕಟ್ಟೆಗೆ ಬಂತು.

ಇದರ ಜೊತೆ ಅವನು ಇನ್ನೊಂದು ಯಂತ್ರವನ್ನೂ ಮಾಡಿದ. ದೊಡ್ಡ ಅಂಗಡಿಗಳಲ್ಲಿ ಗಿರಾಕಿ ಸಾಲದ ಮೇಲೆ ಸಾಮಾನು ಕೇಳಿದರೆ, ಕೌಂಟರಿನವರು ಫೋನಿನಲ್ಲಿ ಲೆಕ್ಕದ ವಿಭಾಗಕ್ಕೆ ಕೇಳುತ್ತಾರೆ. ಅಲ್ಲಿ ಕೂತವರು ಒಪ್ಪಿ ಗುಂಡಿ ಒತ್ತಿದರೆ, ಇಲ್ಲಿ ಕೌಂಟರಿನ ಚೀಟಿಯ ಮೇಲೆ ಒಪ್ಪಿಗೆಯ ಮುದ್ರೆ ಬೀಳುತ್ತದೆ. ಇಂದು ಕಾರ್ಡ್ ಉಜ್ಜಿದಾಗ ಬ್ಯಾಂಕಿನಿಂದ 'ಅಪ್ರೂವ್ಡ್' ಎಂದು ಬರುತ್ತದಲ್ಲ, ಅದರ ಮುತ್ತಜ್ಜ ಎನ್ನಬಹುದು.

ಇಂದಿನ ಕೌಂಟರಿನಲ್ಲಿ ಏನು ನಡೆಯುತ್ತದೆ?

ಈಗ ಮೋಟಾರ್ ಹೋಗಿದೆ, ಸೊಲೆನಾಯ್ಡ್ ಬಂದಿದೆ. ಅಂದರೆ ತಂತಿ ಸುತ್ತಿದ ಒಂದು ಸುರುಳಿ, ಒಳಗೆ ಒಂದು ಕಬ್ಬಿಣದ ಕಡ್ಡಿ. ಕರೆಂಟ್ ಹರಿದರೆ ಕಡ್ಡಿ ಜಗ್ಗುತ್ತದೆ, ಕೊಂಡಿ ಬಿಡುತ್ತದೆ, ಸ್ಪ್ರಿಂಗ್ ಡ್ರಾಯರನ್ನು ಹೊರಗೆ ತಳ್ಳುತ್ತದೆ.

ಕೀಬೋರ್ಡಿನಿಂದಲೇ ಡ್ರಾಯರಿಗೆ ಕರೆಂಟ್ ಹೋಗುತ್ತದೆ ಎಂದು ಬಹಳ ಅಂಗಡಿಯವರು ತಿಳಿದಿರುತ್ತಾರೆ. ಸಾಮಾನ್ಯವಾಗಿ ಹಾಗಲ್ಲ. ನಡೆಯುವ ಕ್ರಮ ಇದು:

- ಬಿಲ್ಲಿಂಗ್ ಕೀಬೋರ್ಡಿನ ಗುಂಡಿ ಒತ್ತಿದರೆ, ಅದಕ್ಕೆ ಮೊದಲೇ ಹೊಂದಿಸಿದ ಸಂಕೇತ ಕಂಪ್ಯೂಟರಿಗೆ ಹೋಗುತ್ತದೆ.
- ಬಿಲ್ಲಿಂಗ್ ಸಾಫ್ಟ್‌ವೇರ್ ಅದನ್ನು ಗುರುತಿಸಿ ಬಿಲ್ ಪ್ರಿಂಟರಿಗೆ ಆಜ್ಞೆ ಕಳಿಸುತ್ತದೆ.
- ಪ್ರಿಂಟರ್ ತನ್ನ ಹಿಂಬದಿಯ ಸಣ್ಣ ಕಿಂಡಿಯ ಮೂಲಕ ಡ್ರಾಯರಿಗೆ ಒಂದು ಕ್ಷಣದ ಕರೆಂಟ್ ಕೊಡುತ್ತದೆ. ಹೆಚ್ಚಾಗಿ ಇದು 24 ವೋಲ್ಟ್.

ಹಾಗಾಗಿ ಡ್ರಾಯರಿನ ವೈರನ್ನು ಚುಚ್ಚಬೇಕಾದ್ದು ಪ್ರಿಂಟರಿಗೆ. ಡ್ರಾಯರಿಗೆಂದೇ ಕಿಂಡಿ ಇರುವ ಕೆಲವು ಕೀಬೋರ್ಡ್‌ಗಳೂ, ಬಾಕ್ಸ್‌ಗಳೂ ಇವೆ, ಅವು ಬೇರೆ ಮಾತು.

ಎಪ್ಸನ್ ಮಾದರಿಯ ಆಜ್ಞೆ ಅರ್ಥವಾಗುವ ಪ್ರಿಂಟರುಗಳಿಗೆ ಸಾಫ್ಟ್‌ವೇರಿನಲ್ಲಿ ಬರೆಯುವ ಸಂಕೇತ ಸಾಮಾನ್ಯವಾಗಿ ಹೀಗಿರುತ್ತದೆ: 27, 112, 0, 25, 250. ಮೊದಲ ಎರಡು ಸಂಖ್ಯೆ ಎಂದರೆ 'ಡ್ರಾಯರ್ ತೆರೆ'. ಮೂರನೆಯದು ಯಾವ ಡ್ರಾಯರ್ ಎಂದು. 0 ಎಂದರೆ ಮೊದಲನೆಯದು, 1 ಎಂದರೆ ಎರಡನೆಯದು. ನಾಲ್ಕನೆಯದು ಕರೆಂಟ್ ಎಷ್ಟು ಹೊತ್ತು ಹರಿಯಬೇಕು ಎಂಬುದು. 25ನ್ನು 2ರಿಂದ ಗುಣಿಸಿದರೆ 50 ಮಿಲಿಸೆಕೆಂಡ್. ಒಂದು ಸೆಕೆಂಡಿನ 20ನೇ ಒಂದು ಭಾಗ! ಕೊನೆಯ ಸಂಖ್ಯೆ ಬಿಡುವಿನ ಸಮಯ. ಕೆಟರಿಂಗ್ ಲೆಕ್ಕ ಇಲ್ಲೂ ಅದೇ: ಜೋರಾಗಿ ಎಳೆ, ತಕ್ಷಣ ಬಿಡು, ಸ್ವಲ್ಪ ತಣ್ಣಗಾಗು. ಕರೆಂಟ್ ಹರಿಯುತ್ತಲೇ ಇದ್ದರೆ ಆ ಸುರುಳಿ ಸುಟ್ಟೇ ಹೋಗುತ್ತದೆ.

ಅಂಗಡಿ ಇಟ್ಟಿರುವ ಗೆಳೆಯರಿಗೆ ನಾವು ಹೇಳುವುದು ಇಷ್ಟು:

- ಡ್ರಾಯರಿನ ಪ್ಲಗ್ ನೋಡಲು ಲ್ಯಾಂಡ್‌ಲೈನ್ ಫೋನಿನ ಪ್ಲಗ್ಗಿನ ಹಾಗೆಯೇ ಇರುತ್ತದೆ. ಪ್ರಿಂಟರಿನ ಆ ಕಿಂಡಿಗೆ ಫೋನ್ ವೈರನ್ನು ಎಂದೂ ಚುಚ್ಚಬೇಡಿ. ಎರಡರಲ್ಲಿ ಒಂದು ಕೆಡುತ್ತದೆ.
- ಹೊರಗೆ ಒಂದೇ ತರ ಕಂಡರೂ ಒಳಗಿನ ತಂತಿಗಳ ಜೋಡಣೆ ಪ್ರಿಂಟರ್ ಕಂಪನಿಯಿಂದ ಕಂಪನಿಗೆ ಬೇರೆ. ಡ್ರಾಯರ್ ತೆರೆಯದಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಕೇಬಲ್ ಮೇಲೆ.
- 12 ವೋಲ್ಟ್ ಡ್ರಾಯರಿಗೆ 24 ವೋಲ್ಟ್ ಪ್ರಿಂಟರ್ ಜೋಡಿಸಬೇಡಿ. ಕೊಳ್ಳುವಾಗಲೇ ಕೇಳಿ.
- ಪ್ರಿಂಟರ್ ಡ್ರೈವರಿನ ಸೆಟ್ಟಿಂಗಿನಲ್ಲಿ ಬಿಲ್ಲಿಗೆ ಮೊದಲು ಡ್ರಾಯರ್ ತೆರೆಯಬೇಕೇ, ಆಮೇಲೆ ತೆರೆಯಬೇಕೇ, ತೆರೆಯಲೇಬಾರದೇ ಎಂಬ ಆಯ್ಕೆ ಇರುತ್ತದೆ. ಅದು 'ಬೇಡ' ಎಂದಿದ್ದರೆ ಯಂತ್ರ ಚೆನ್ನಾಗಿದ್ದರೂ ಡ್ರಾಯರ್ ತೆರೆಯದಿರಬಹುದು.
- ಕರೆಂಟ್ ಹೋದರೆ ಗಾಬರಿ ಬೇಡ. ಡ್ರಾಯರಿನ ಬೀಗದ ಕೈಯಿಂದಲೂ ತೆರೆಯಬಹುದು. ಆ ಕೀಲಿಯನ್ನು ಮಾತ್ರ ಡ್ರಾಯರಿನ ಒಳಗೇ ಇಟ್ಟು ಮುಚ್ಚಬೇಡಿ!

ಹ್ಯಾಂಡಲ್ ಹೊಡೆಯುವ ಕಾಲ ಮುಗಿಯಿತು

ಎನ್‌ಸಿಆರ್‌ನಲ್ಲಿ ಕೆಟರಿಂಗ್‌ಗೆ ಎಡ್ವರ್ಡ್ ಡೀಡ್ಸ್ ಎಂಬ ಅಧಿಕಾರಿಯ ಸ್ನೇಹವಾಯಿತು. ಇಬ್ಬರೂ ರಾತ್ರಿ ಹೊತ್ತು, ರಜೆಯ ದಿನ ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕಾರಿನ ಭಾಗಗಳ ಪ್ರಯೋಗಕ್ಕೆ ಇಳಿದರು. ಕಂಪನಿಯ ಕೆಲವು ಸಹೋದ್ಯೋಗಿಗಳೂ ಜೊತೆಗೂಡಿದರು. 1909ರಲ್ಲಿ ಕೆಟರಿಂಗ್ ಕೆಲಸ ಬಿಟ್ಟ. ಇಬ್ಬರೂ ಸೇರಿ ಡೆಲ್ಕೊ ಎಂಬ ಕಂಪನಿ ಕಟ್ಟಿದರು. ಅವರ ಮೊದಲ ದೊಡ್ಡ ಗಿರಾಕಿ ಕ್ಯಾಡಿಲಾಕ್ ಕಾರ್ ಕಂಪನಿ.

ಆಗ ಕಾರ್ ಚಾಲೂ ಮಾಡುವುದೆಂದರೆ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸುವುದು. ನಮ್ಮ ಹಳೆಯ ಲಾರಿ, ಜೀಪುಗಳಿಗೆ ಹ್ಯಾಂಡಲ್ ಹೊಡೆದವರಿಗೆ ಗೊತ್ತು, ಇಂಜಿನ್ ಹಿಮ್ಮುಖ ಒದ್ದರೆ ಮಣಿಕಟ್ಟು ಮುರಿಯುತ್ತದೆ. ಮೋಟಾರ್ ಹಾಕಲು ಹೋದವರಿಗೆ ಇಲ್ಲೂ ಹಳೆಯ ತೊಡಕೇ ಎದುರಾಯಿತು: ಇಂಜಿನ್ ತಿರುಗಿಸುವ ಮೋಟಾರ್ ಬಹಳ ದೊಡ್ಡದಾಗುತ್ತದೆ. ಕೆಟರಿಂಗ್ ಹತ್ತಿರ ಉತ್ತರ ಸಿದ್ಧವಿತ್ತು. ಗಲ್ಲಾಪೆಟ್ಟಿಗೆಯ ಉತ್ತರವೇ ಕಾರಿಗೂ ಸಾಕಾಯಿತು. ಸಣ್ಣ ಮೋಟಾರ್, ಕ್ಷಣ ಹೊತ್ತು, ಮಿತಿ ಮೀರಿದ ಭಾರ. ಇಂಜಿನ್ ಓಡತೊಡಗಿದ ಮೇಲೆ ಅದೇ ಯಂತ್ರ ಜನರೇಟರ್ ಆಗಿ ಬ್ಯಾಟರಿ ತುಂಬುತ್ತಿತ್ತು. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳು ಸೆಲ್ಫ್ ಸ್ಟಾರ್ಟರ್ ಸಮೇತ ರಸ್ತೆಗೆ ಇಳಿದವು.

ಇದರಿಂದ ಪೆಟ್ರೋಲ್ ಕಾರನ್ನು ತೋಳ್ಬಲ ಇಲ್ಲದವರೂ ಓಡಿಸುವಂತಾಯಿತು. ಹ್ಯಾಂಡಲ್ ಕಾಟವಿಲ್ಲ ಎಂಬ ಕಾರಣಕ್ಕೆ ಅದುವರೆಗೆ ಎಲೆಕ್ಟ್ರಿಕ್ ಕಾರು ಕೊಳ್ಳುತ್ತಿದ್ದವರೂ ಪೆಟ್ರೋಲ್ ಕಡೆ ತಿರುಗಿದರು. ಆಗಿನ ಎಲೆಕ್ಟ್ರಿಕ್ ಕಾರುಗಳು ಮೂಲೆಗೆ ಸರಿಯಲು ಇದೂ ಒಂದು ಕಾರಣ.

ಈ ಯಂತ್ರದ ಸುತ್ತ ಒಂದು ಕಣ್ಣೀರ ಕಥೆ ಓಡಾಡುತ್ತದೆ. 1910ರ ಚಳಿಗಾಲದಲ್ಲಿ ಬೈರನ್ ಕಾರ್ಟರ್ ಎಂಬ ಕಾರ್ ತಯಾರಕ, ದಾರಿಯಲ್ಲಿ ಕೆಟ್ಟು ನಿಂತ ಮಹಿಳೆಯ ಕಾರಿಗೆ ಹ್ಯಾಂಡಲ್ ಹೊಡೆಯಲು ಹೋಗಿ ದವಡೆ ಮುರಿದು ಸತ್ತ, ಅದರಿಂದ ನೊಂದ ಕ್ಯಾಡಿಲಾಕ್ ಮುಖ್ಯಸ್ಥ ಹೆನ್ರಿ ಲೀಲ್ಯಾಂಡ್ ಸೆಲ್ಫ್ ಸ್ಟಾರ್ಟರ್ ಮಾಡಿಸಿದ ಎಂದು. ಕೇಳಲು ಚೆನ್ನಾಗಿದೆ. ತಾರೀಖು ಮಾತ್ರ ಹೊಂದುವುದಿಲ್ಲ. ಕಾರ್ಟರ್ ತೀರಿಕೊಂಡಿದ್ದು 1908ರಲ್ಲೇ. ಹ್ಯಾಂಡಲಿನಿಂದ ಜನರಿಗೆ ಗಾಯವಾಗುತ್ತಿದ್ದದ್ದು ನಿಜ, ಲೀಲ್ಯಾಂಡ್ ಕೆಟರಿಂಗ್‌ನನ್ನು ಕೇಳಿದ್ದೂ ನಿಜ. ಚಳಿಗಾಲದ ಆ ದೃಶ್ಯವನ್ನು ಮಾತ್ರ ಹಾಗೆಯೇ ನಂಬಿ ಫಾರ್ವರ್ಡ್ ಮಾಡಬೇಡಿ.

ನೆನಪಿಡಿ, ನಿಮ್ಮ ಬೈಕಿನ ಸೆಲ್ಫ್ ಮೋಟಾರ್ ಇವತ್ತಿಗೂ ಕ್ಷಣ ಹೊತ್ತಿನ ಮೋಟಾರೇ. ಗಾಡಿ ಸ್ಟಾರ್ಟ್ ಆಗದಿದ್ದರೆ ಗುಂಡಿಯನ್ನು ಒತ್ತಿ ಹಿಡಿದೇ ಇರಬೇಡಿ. ಕೆಲವು ಸೆಕೆಂಡ್ ಒತ್ತಿ, ಬಿಡಿ, ಸ್ವಲ್ಪ ಹೊತ್ತು ಕಾದು ಮತ್ತೆ ಒತ್ತಿ.

ಎಣಿಸಿ ಬೀಳುವ ವಿಮಾನ

ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಕೆಟರಿಂಗ್ ಅಮೆರಿಕ ಸೇನೆಗಾಗಿ ಪೈಲಟ್ ಇಲ್ಲದೆ ಹಾರುವ ಒಂದು ಬಾಂಬು ಮಾಡಿದ. ಎಷ್ಟು ದೂರ ಹೋಗಬೇಕು ಎಂದು ಮೊದಲೇ ಲೆಕ್ಕ ಹಾಕಿ, ಇಂಜಿನ್ ಅಷ್ಟು ಸುತ್ತು ತಿರುಗಿದ ಕೂಡಲೇ ಇಂಜಿನ್ ನಿಂತು, ರೆಕ್ಕೆ ಕಳಚಿ ಬೀಳುವಂತೆ ಮಾಡಲಾಗಿತ್ತು. ಹಡಗಿನ ಸುತ್ತು ಎಣಿಸುವ ಯಂತ್ರ ನೋಡಿ ರಿಟ್ಟಿ ಗಲ್ಲಾಪೆಟ್ಟಿಗೆ ಮಾಡಿದ. ಗಲ್ಲಾಪೆಟ್ಟಿಗೆ ಕಂಪನಿಯಲ್ಲಿ ಪಳಗಿದವನು ಸುತ್ತು ಎಣಿಸುವ ಬಾಂಬು ಮಾಡಿದ. ಅದು ಯುದ್ಧದಲ್ಲಿ ಬಳಕೆಯಾಗಲಿಲ್ಲ, ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಇಂದಿನ ಡ್ರೋನ್‌ಗಳ ಚರಿತ್ರೆಯಲ್ಲಿ ಇದಕ್ಕೆ ಒಂದು ಸಾಲು ಮೀಸಲು.

ಇಂಜಿನ್ ಕಟಕಟ ಮತ್ತು ಸೀಸ

ಈಗ ಕಥೆಯ ಕಹಿ ಭಾಗ.

ಆಗಿನ ಇಂಜಿನ್‌ಗಳಿಗೆ ಒಂದು ರೋಗವಿತ್ತು. ಏರು ಹತ್ತುವಾಗ, ಭಾರ ಎಳೆಯುವಾಗ ಒಳಗಿನಿಂದ ಕಟಕಟ ಸದ್ದು. ಸ್ಪಾರ್ಕ್ ಪ್ಲಗ್ಗಿನ ಬೆಂಕಿ ಪೂರ್ತಿ ಹರಡುವ ಮೊದಲೇ ಒಂದಷ್ಟು ಪೆಟ್ರೋಲ್ ತಾನಾಗಿ ಸಿಡಿಯುವುದರಿಂದ ಆಗುವ ಸದ್ದು ಅದು. ಇದನ್ನು ನಾಕಿಂಗ್ ಎನ್ನುತ್ತಾರೆ. ಡೆಲ್ಕೊ ಕಂಪನಿಯ ಹೊಸ ಇಗ್ನಿಷನ್ನೇ ಇದಕ್ಕೆ ಕಾರಣ ಎಂಬ ದೂರು ಬಂದಾಗ ಕೆಟರಿಂಗ್ ಇದರ ಬೆನ್ನು ಹತ್ತಿದ. 1916ರಲ್ಲಿ ಥಾಮಸ್ ಮಿಜ್ಲಿ ಎಂಬ ಯುವ ಎಂಜಿನಿಯರ್ ಅವನ ಕೈಕೆಳಗೆ ಸೇರಿದ. ದೋಷ ಇಗ್ನಿಷನ್ನಿನದ್ದಲ್ಲ, ಇಂಧನದ್ದು ಎಂದು ಇಬ್ಬರೂ ಕಂಡುಕೊಂಡರು. ಅಷ್ಟರಲ್ಲಿ ಡೆಲ್ಕೊ ಕಂಪನಿ ಜನರಲ್ ಮೋಟರ್ಸ್ ಪಾಲಾಯಿತು, ಕೆಟರಿಂಗ್ 1920ರಲ್ಲಿ ಅದರ ಸಂಶೋಧನಾ ವಿಭಾಗದ ಮುಖ್ಯಸ್ಥನಾದ.

ಪೆಟ್ರೋಲಿಗೆ ಏನು ಬೆರೆಸಿದರೆ ಕಟಕಟ ನಿಲ್ಲುತ್ತದೆ? ಒಂದರ ನಂತರ ಒಂದು ರಾಸಾಯನಿಕ ಹಾಕಿ ನೋಡಿದರು. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಹಾಕಿದಾಗ ಸದ್ದು ನಿಂತೇಹೋಯಿತು. ಇದು ಸೀಸ ಇರುವ ಎಣ್ಣೆಯಂಥ ದ್ರವ. ಒಂದು ಚೂರು ಸಾಕು.

ಎಥನಾಲ್, ಅಂದರೆ ಮದ್ಯಸಾರ ಬೆರೆಸಿದರೂ ಕಟಕಟ ಕಡಿಮೆಯಾಗುತ್ತದೆ ಎಂಬುದು ಇವರಿಗೆ ಗೊತ್ತಿತ್ತು. ಆದರೆ ಎಥನಾಲ್ ಹೆಚ್ಚು ಪ್ರಮಾಣದಲ್ಲಿ ಬೇಕು, ಯಾರು ಬೇಕಾದರೂ ತಯಾರಿಸಬಹುದು. ಸೀಸದ್ದಾದರೆ ಹನಿಯಷ್ಟು ಸಾಕು, ಪೇಟೆಂಟ್ ಹಿಡಿತವೂ ಕೈಯಲ್ಲಿರುತ್ತದೆ. ವ್ಯಾಪಾರದ ತಕ್ಕಡಿ ಯಾವ ಕಡೆ ವಾಲಿತು ಎಂದು ಬಿಡಿಸಿ ಹೇಳಬೇಕಿಲ್ಲ. ನೂರು ವರ್ಷದ ನಂತರ ನಮ್ಮ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿಗೆ ಎಥನಾಲ್ ಬೆರೆಯುತ್ತಿದೆ!

1923ರ ಫೆಬ್ರವರಿಯಲ್ಲಿ ಈ ಪೆಟ್ರೋಲ್ ಮೊದಲು ಮಾರಾಟವಾಗಿದ್ದು ಡೇಟನ್ನಿನಲ್ಲೇ. ಹೆಸರು 'ಈಥೈಲ್'. ಲೆಡ್ ಎಂಬ ಪದ ಹೆಸರಿನಲ್ಲಿ ಇರಲಿಲ್ಲ. ಅದೇ ವರ್ಷದ ಆರಂಭದಲ್ಲಿ ಮಿಜ್ಲಿ ಸ್ವತಃ ಸೀಸದ ವಿಷದಿಂದ ಬಳಲಿ, ಸುಧಾರಿಸಿಕೊಳ್ಳಲು ಫ್ಲಾರಿಡಾಕ್ಕೆ ಹೋಗಿದ್ದ. 1924ರಲ್ಲಿ ಇದಕ್ಕಾಗಿಯೇ ಒಂದು ಕಂಪನಿ ಹುಟ್ಟಿತು. ಅದರ ಮೊದಲ ಅಧ್ಯಕ್ಷ ಕೆಟರಿಂಗ್.

ಎಚ್ಚರಿಸಿದವರ ಮಾತು ಏನಾಯಿತು?

1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ತೈಲ ಘಟಕದಲ್ಲಿ ಈ ದ್ರವ ತಯಾರಿಸುತ್ತಿದ್ದ ಕಾರ್ಮಿಕರು ಇದ್ದಕ್ಕಿದ್ದಂತೆ ಹುಚ್ಚರ ಹಾಗೆ ಆಡತೊಡಗಿದರು. ಇಲ್ಲದ್ದು ಕಾಣಿಸುವುದು, ಕಿರುಚಾಡುವುದು, ನಡುಕ. ಕೆಲವೇ ದಿನಗಳಲ್ಲಿ ಐವರು ಸತ್ತರು. ಹತ್ತಾರು ಜನ ಆಸ್ಪತ್ರೆ ಸೇರಿದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆಗ ಮಿಜ್ಲಿ ಪತ್ರಕರ್ತರ ಮುಂದೆ ಅದೇ ದ್ರವದಲ್ಲಿ ಕೈ ತೊಳೆದು, ಅದರ ವಾಸನೆ ಎಳೆದು, ಏನೂ ಆಗುವುದಿಲ್ಲ ಎಂದು ತೋರಿಸಿದ. ಹಿಂದಿನ ವರ್ಷವಷ್ಟೇ ಅದೇ ವಿಷದಿಂದ ಮಲಗಿದ್ದವನು!

1925ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರದ ಸರ್ಜನ್ ಜನರಲ್ ಒಂದು ಸಭೆ ಕರೆದರು. ಮಾರಾಟ ತಾತ್ಕಾಲಿಕವಾಗಿ ನಿಂತಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಅಧ್ಯಾಪಕಿ, ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇದನ್ನು ಖಡಾಖಂಡಿತವಾಗಿ ವಿರೋಧಿಸಿದರು. ಕಾರ್ಖಾನೆಯಲ್ಲಿ ಎಚ್ಚರ ವಹಿಸಬಹುದು, ದೇಶದ ಬೀದಿಬೀದಿಯ ಹೊಗೆಗೆ ಎಚ್ಚರ ವಹಿಸುವುದು ಹೇಗೆ ಎಂಬುದು ಅವರ ವಾದದ ತಿರುಳು. ಕೆಟರಿಂಗ್ ಕಂಪನಿಯ ಪರವಾಗಿ ಮಾತನಾಡಿದ. ತಜ್ಞರ ಸಮಿತಿಯೊಂದು ಕೆಲವೇ ತಿಂಗಳ ಅಧ್ಯಯನ ಮಾಡಿ, ನಿಷೇಧಿಸಲು ಸಾಕಷ್ಟು ಕಾರಣವಿಲ್ಲ ಎಂದು 1926ರಲ್ಲಿ ವರದಿ ಕೊಟ್ಟಿತು. ಮಾರಾಟ ಮತ್ತೆ ಶುರುವಾಯಿತು. ಸಮಿತಿಯೇ ಮುಂದೆಯೂ ಅಧ್ಯಯನ ನಡೆಯಬೇಕು ಎಂದಿತ್ತು. ನಂತರದ ದಶಕಗಳಲ್ಲಿ ಆ ಅಧ್ಯಯನದ ಬಹುಪಾಲು ನಡೆದದ್ದು ಉದ್ಯಮದ ಹಣದಲ್ಲೇ, ಸಿನ್ಸಿನಾಟಿಯ ಕೆಟರಿಂಗ್ ಹೆಸರಿನ ಪ್ರಯೋಗಾಲಯದಲ್ಲಿ.

ಇಲ್ಲಿ ಒಂದು ಮಾತು ಗಮನಿಸಿ. ಕೆಟರಿಂಗ್‌ನ ದೊಡ್ಡ ಒಳನೋಟ ಏನಿತ್ತು? ದೊಡ್ಡ ಭಾರವೂ ಕ್ಷಣ ಹೊತ್ತಾದರೆ ಯಂತ್ರ ತಾಳಿಕೊಳ್ಳುತ್ತದೆ ಎಂದು. ಸೀಸದ ಗುಣ ಇದಕ್ಕೆ ನೇರ ಉಲ್ಟಾ. ಪ್ರಮಾಣ ಚಿಕ್ಕದು, ಆದರೆ ಬಿಡುವೇ ಇಲ್ಲ. ನಮ್ಮ ದೇಹ ಅದನ್ನು ಕ್ಯಾಲ್ಸಿಯಂ ಎಂದು ಭ್ರಮಿಸಿ ಮೂಳೆಯಲ್ಲಿ ಕೂಡಿಡುತ್ತದೆ. ಬೆಳೆಯುವ ಮಕ್ಕಳ ಮಿದುಳಿಗೆ ಹೋದರೆ ಕಲಿಕೆ, ಗಮನ, ಬುದ್ಧಿಶಕ್ತಿ ಕುಗ್ಗುತ್ತವೆ. ಆದ ಹಾನಿ ಮರಳಿ ಸರಿಯಾಗುವುದಿಲ್ಲ. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಫ್ರಿಜ್ಜಿನ ಅನಿಲ

ಇದೇ ತಂಡದ ಇನ್ನೊಂದು ಕೊಡುಗೆ ಫ್ರಿಯಾನ್. ಹಳೆಯ ಫ್ರಿಜ್‌ಗಳಲ್ಲಿ ಅಮೋನಿಯ, ಸಲ್ಫರ್ ಡೈಆಕ್ಸೈಡ್‌ನಂಥ ಅನಿಲಗಳಿದ್ದವು. ಸೋರಿದರೆ ಮನೆಯವರ ಜೀವಕ್ಕೇ ಅಪಾಯ. 1928ರಲ್ಲಿ ಕೆಟರಿಂಗ್ ಸೂಚನೆಯಂತೆ ಮಿಜ್ಲಿ ತಂಡ ಬೆಂಕಿ ಹತ್ತದ, ವಿಷವಲ್ಲದ ಅನಿಲ ಕಂಡುಹಿಡಿಯಿತು. ಅದು ಜೀವ ಉಳಿಸಿತು ಎಂಬುದೂ ನಿಜ. ಅದು ಮೇಲೆ ಹೋಗಿ ಓಝೋನ್ ಪದರ ತಿನ್ನುತ್ತದೆ ಎಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಹೇಳುವವರೆಗೆ ಯಾರಿಗೂ ಆ ಅಂದಾಜು ಇರಲಿಲ್ಲ. ಸೀಸ ಮತ್ತು ಫ್ರಿಯಾನ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಫ್ರಿಯಾನಿನ ಕೇಡು ಆಗ ತಿಳಿದಿರಲಿಲ್ಲ. ಸೀಸ ವಿಷ ಎಂಬುದು ರೋಮನ್ನರ ಕಾಲದಿಂದಲೂ ತಿಳಿದಿತ್ತು.

ಕೊನೆಯ ವರ್ಷಗಳು

ಕೆಟರಿಂಗ್ 1947ರವರೆಗೆ ಜನರಲ್ ಮೋಟರ್ಸ್ ಸಂಶೋಧನೆಯ ಮುಖ್ಯಸ್ಥನಾಗಿದ್ದ. ಅಮೆರಿಕದ ರೈಲುಗಳು ಉಗಿಯಿಂದ ಡೀಸೆಲ್‌ಗೆ ಬದಲಾಗಲು ಅವನ ತಂಡದ ಇಂಜಿನ್‌ಗಳೂ ಕಾರಣ. 1945ರಲ್ಲಿ ಜನರಲ್ ಮೋಟರ್ಸ್ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ ಕೊಟ್ಟ ದೇಣಿಗೆಯಿಂದ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹುಟ್ಟಿತು. ಕಾರ್ಖಾನೆಯ ಸಂಶೋಧನಾ ಕ್ರಮವನ್ನು ರೋಗಕ್ಕೂ ಹೂಡುವುದು ಅದರ ಗುರಿ. ಅದಕ್ಕೆ ಇಬ್ಬರ ಹೆಸರನ್ನೂ ಇಟ್ಟರು: ಸ್ಲೋನ್-ಕೆಟರಿಂಗ್. ಮರುವರ್ಷವೇ ಕೆಟರಿಂಗ್‌ನ ಹೆಂಡತಿ ಆಲಿವ್ ಕ್ಯಾನ್ಸರಿನಿಂದ ತೀರಿಕೊಂಡಳು. 1958ರ ನವೆಂಬರಿನಲ್ಲಿ, 82ನೇ ವಯಸ್ಸಿನಲ್ಲಿ, ಅವನೂ ಹೋದ. ಡೇಟನ್ ಪಕ್ಕದ ಒಂದು ಊರಿಗೇ ಇಂದು ಕೆಟರಿಂಗ್ ಎಂದು ಹೆಸರು.

ಅವನ ಸಾವಿನ ಏಳು ವರ್ಷದ ನಂತರ, 1965ರಲ್ಲಿ, ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿ ಮನುಷ್ಯರ ಮೈಯಲ್ಲಿ, ಗಾಳಿಯಲ್ಲಿ, ಸಮುದ್ರದಲ್ಲಿ ಸೀಸ ಸಹಜ ಮಟ್ಟಕ್ಕಿಂತ ಎಷ್ಟೋ ಹೆಚ್ಚಿದೆ ಎಂದು ಲೆಕ್ಕ ಸಮೇತ ತೋರಿಸಿದ. ಎನ್‌ಸಿಆರ್ ಪ್ಯಾಟರ್ಸನ್‌ಗೂ ಇವನಿಗೂ ಹೆಸರಷ್ಟೇ ಒಂದು. ಭೂಮಿಯ ವಯಸ್ಸು ಲೆಕ್ಕ ಹಾಕಿದ ವಿಜ್ಞಾನಿ ಇವನೇ. ಉದ್ಯಮ ಎದುರಿಗೆ ನಿಂತರೂ ಅವನು ಹಿಂಜರಿಯಲಿಲ್ಲ. 1970ರ ದಶಕದಿಂದ ಅಮೆರಿಕ ಸೀಸ ಕಡಿಮೆ ಮಾಡುತ್ತ ಬಂತು, 1996ರಲ್ಲಿ ರಸ್ತೆ ವಾಹನಗಳಿಗೆ ಪೂರ್ತಿ ನಿಲ್ಲಿಸಿತು.

ನಮ್ಮಲ್ಲಿ?

ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲ್ ಸಿಗತೊಡಗಿತು. ಆ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. 1999ರ ಫೆಬ್ರವರಿಯಲ್ಲಿ ಸೀಸದ ವಿಷ ತಡೆಯುವ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಮಾತ್ರ ಬೆಂಗಳೂರಿನಲ್ಲೇ. ಇದರ ಹಿಂದೆ ಜಾರ್ಜ್ ಫೌಂಡೇಶನ್ ಮತ್ತು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರ ದುಡಿಮೆ ಇತ್ತು. ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ, ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸ ಆಗಿನ ಎಚ್ಚರಿಕೆ ಮಟ್ಟ ಮೀರಿದೆ ಎಂದು ಅವರು ತೋರಿಸಿದ್ದರು. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಜಗತ್ತಿನಲ್ಲಿ ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯ, 2021ರಲ್ಲಿ. ಡೇಟನ್ನಿನ ಮೊದಲ ಬಂಕಿನಿಂದ ಅಲ್ಲಿಗೆ 98 ವರ್ಷ.

ಯಾವುದು ನಿಜ, ಯಾವುದು ಸುಳ್ಳು?

*99, 199 ಎಂಬ ಬೆಲೆ ಹುಟ್ಟಿದ್ದೇ ಕೆಲಸದವರು ಚಿಲ್ಲರೆಗಾಗಿ ಗಲ್ಲಾಪೆಟ್ಟಿಗೆ ತೆರೆಯಲಿ ಎಂದು.* ಸಾಬೀತಾಗಿಲ್ಲ. ನಾವು 'ಬಾಟಾ ರೇಟು' ಎಂದು ನಗುವ ಈ ಪದ್ಧತಿ ಉಳಿದಿರುವುದು ಬೇರೆ ಕಾರಣಕ್ಕೆ. ನಮ್ಮ ಕಣ್ಣು ಎಡಗಡೆಯ ಅಂಕಿಯನ್ನು ಮೊದಲು ಹಿಡಿಯುತ್ತದೆ. 199 ಎಂದರೆ ನೂರರ ಲೆಕ್ಕ, 200 ಎಂದರೆ ಇನ್ನೂರರ ಲೆಕ್ಕ ಎಂದು ಮನಸ್ಸು ಭಾವಿಸುತ್ತದೆ.

*ಕ್ಯಾಶ್ ರಿಜಿಸ್ಟರ್ ಕಂಡುಹಿಡಿದದ್ದು ಕೆಟರಿಂಗ್.* ಸುಳ್ಳು. ಕಂಡುಹಿಡಿದದ್ದು ರಿಟ್ಟಿ. ಅದಕ್ಕೆ ಮೋಟಾರ್ ಕೂಡಿಸಿದ್ದು ಕೆಟರಿಂಗ್.

*ಪೆಟ್ರೋಲಿನಿಂದ ಸೀಸ ಹೋದ ಮೇಲೆ ಮಕ್ಕಳಿಗೆ ಸೀಸದ ಭಯವಿಲ್ಲ.* ಸುಳ್ಳು. ಹಳೆಯ ಬ್ಯಾಟರಿಗಳನ್ನು ಬಯಲಲ್ಲಿ ಒಡೆದು ಕರಗಿಸುವ ಜಾಗ, ಸಿಪ್ಪೆ ಏಳುವ ಹಳೆಯ ಪೇಂಟ್, ಬಣ್ಣ ಬರಲೆಂದು ಲೆಡ್ ಕ್ರೋಮೇಟ್ ಬೆರೆಸಿದ ಅರಿಸಿನಪುಡಿ, ಕೆಲವು ಸುರ್ಮಾ, ಇವುಗಳಲ್ಲಿ ಇನ್ನೂ ಸೀಸ ಇರಬಹುದು. ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮಲ್ಲಿ 2017ರಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ನೋಡಿ ಕೊಳ್ಳಿ. ಅರಿಸಿನದ ಕೊಂಬು ತಂದು ಪುಡಿ ಮಾಡಿಸಿ. ಅನುಮಾನ ಇದ್ದರೆ ವೈದ್ಯರನ್ನು ಕೇಳಿ ಮಗುವಿನ ರಕ್ತ ಪರೀಕ್ಷೆ ಮಾಡಿಸಿ.

*ಸೀಸದ ಪಾಪವೆಲ್ಲ ಒಬ್ಬ ಮಿಜ್ಲಿಯದೋ, ಒಬ್ಬ ಕೆಟರಿಂಗ್‌ನದೋ.* ಅರ್ಧ ಸತ್ಯ. ಇವರು ಮುಂದಾಳುಗಳು ಹೌದು. ಹಣ ಹೂಡಿದ ಕಂಪನಿಗಳು, ಅವಸರದಲ್ಲಿ ಒಪ್ಪಿದ ಸಮಿತಿ, ಆಲಿಸ್ ಹ್ಯಾಮಿಲ್ಟನ್ ಮಾತಿಗೆ ಕಿವಿಗೊಡದ ಸರ್ಕಾರ, ಎಲ್ಲರ ಪಾಲೂ ಇದರಲ್ಲಿದೆ.

ಒಟ್ಟಿನಲ್ಲಿ, ಕೆಟರಿಂಗ್‌ನನ್ನು ದೇವರು ಮಾಡುವ ಫಾರ್ವರ್ಡ್ ಬಂದರೂ ನಂಬಬೇಡಿ, ದೆವ್ವ ಮಾಡುವ ಫಾರ್ವರ್ಡ್ ಬಂದರೂ ನಂಬಬೇಡಿ. ಯಂತ್ರದ ವಿಷಯದಲ್ಲಿ ಬೇರೆಯವರ ಲೆಕ್ಕವನ್ನು ಪ್ರಶ್ನಿಸಿ ಅವನು ಗೆದ್ದ. ಸೀಸದ ವಿಷಯದಲ್ಲಿ ತನ್ನ ಲೆಕ್ಕವನ್ನು ಬೇರೆಯವರು ಪ್ರಶ್ನಿಸಿದಾಗ ಕೇಳಿಸಿಕೊಳ್ಳಲಿಲ್ಲ. ಅದರ ಬೆಲೆ ತೆತ್ತವರು ಅವನನ್ನು ನೋಡಿಯೂ ಇರದ ಮಕ್ಕಳು. ಈ ಬರಹವನ್ನು ಹಂಚಿಕೊಳ್ಳುವುದಾದರೆ ಅಂಗಡಿ ಇರುವ ಗೆಳೆಯರಿಗೂ, ಚಿಕ್ಕ ಮಕ್ಕಳಿರುವ ಮನೆಯವರಿಗೂ ಕಳಿಸಿ.